ತಾಯಿಯ ಹೆಸರು ಬರೆಯುವ ಚೌಕ

ಕೊಲ್ಲಿ ನಾಡಿನಲ್ಲಿ, ಅಲ್ ಕುಸೈಸಿನ ಒಂದು ಟೈಪಿಂಗ್ ಸೆಂಟರಿನಲ್ಲಿ ನಾನು ಹನ್ನೊಂದು ವರ್ಷದಿಂದ ಕೂತಿದ್ದೇನೆ. ವೀಸಾ, ಐಡಿ ನವೀಕರಣ, ಬಾಡಿಗೆ ಕರಾರು, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಅರ್ಜಿ: ಜನ ಕಾಗದದ ಕಟ್ಟು ಹಿಡಿದು ಬರುತ್ತಾರೆ, ನಾನು ಅದನ್ನೆಲ್ಲ ಕಂಪ್ಯೂಟರಿಗೆ ತುಂಬುತ್ತೇನೆ. ಈ ಕೆಲಸದಲ್ಲಿ ನನ್ನ ತಲೆ ಕೆಡಿಸುವ ಚೌಕ ಒಂದೇ. ತಾಯಿಯ ಹೆಸರು ಬರೆಯುವ ಚೌಕ. ಅದನ್ನು ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆರಡಿ ಎತ್ತರದ ಗಂಡಸರು, ಕಂಪನಿಯಲ್ಲಿ ನೂರಾರು ಜನರನ್ನು ಆಳುವವರು, ನನ್ನ ಮೇಜಿನ ಎದುರು ಕೂತು, ಅಮ್ಮನ ಹೆಸರೇನು ಎಂದು ಕೇಳಿದರೆ ಒಂದು ಗಳಿಗೆ ತಡವರಿಸುತ್ತಾರೆ. ಕೆಲವರು ಊರಿಗೆ ಫೋನು ಹಚ್ಚುತ್ತಾರೆ. 'ಮನೆಯಲ್ಲಿ ಎಲ್ಲರೂ ಅಮ್ಮ ಅಂತಲೇ ಕರೆಯುವುದು ಮೇಡಂ, ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ' ಎಂದು ಹಲ್ಲು ಕಿರಿದವರೂ ಇದ್ದಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಒಂಬತ್ತು ತಿಂಗಳು ಹೊತ್ತವಳ ಹೆಸರು ಗೊತ್ತಿಲ್ಲದ ನಿನಗೆ ವೀಸಾ ಬೇರೆ ಕೇಡು ಎಂದು ಮನಸ್ಸಿನಲ್ಲೇ ಬೈದು, ಬಾಯಲ್ಲಿ 'ಪರವಾಗಿಲ್ಲ ಸರ್, ನಿಧಾನಕ್ಕೆ ಕೇಳಿ' ಅನ್ನುತ್ತೇನೆ.

ಹೀಗೆ ಅಂದುಕೊಳ್ಳುವ ಹಕ್ಕು ನನಗಿದೆಯೇ ಎಂಬುದು ಈಗ ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಹೋದ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಒಬ್ಬ ಬಿಳಿಯ ಹೆಂಗಸು ನಮ್ಮ ಸೆಂಟರಿಗೆ ಬಂದರು. ದಕ್ಷಿಣ ಆಫ್ರಿಕಾದವರು, ಅರವತ್ತು ದಾಟಿದವರು, ಇಲ್ಲಿ ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಕೆಲಸ ಮುಗಿದಿತ್ತು, ಆಗಸ್ಟಿನಲ್ಲಿ ವೀಸಾ ರದ್ದು ಮಾಡಿಸಿ ಊರಿಗೆ ಹೋಗುವವರಿದ್ದರು. ಅವರ ಕಾಗದಗಳನ್ನು ನಾನು ತುಂಬುವುದನ್ನು ನೋಡುತ್ತಾ ಕೂತವರು, 'ನೀನು ತಪ್ಪು ಮಾಡುವುದೇ ಇಲ್ಲವಲ್ಲ' ಅಂದರು. 'ತಪ್ಪು ಮಾಡಿದರೆ ದಂಡ ನನ್ನ ತಲೆಗೇ ಮೇಡಂ' ಅಂದೆ. ನಕ್ಕು, ಭಾನುವಾರಗಳಲ್ಲಿ ತಮ್ಮ ಮನೆಗೆ ಬಂದು ಒಂದು ವಂಶಾವಳಿ ಟೈಪು ಮಾಡಿಕೊಡುತ್ತೀಯಾ ಎಂದು ಕೇಳಿದರು.

ಅವರ ಮನೆ ಮಿರ್ದಿಫಿನಲ್ಲಿ, ಹಳೆಯ ವಿಲ್ಲಾ, ಅಂಗಳದಲ್ಲಿ ಒಂದು ಗಾಫ್ ಮರ. ತಲೆ ಮೇಲೇ ವಿಮಾನಗಳು ಇಳಿಯುತ್ತಿದ್ದವು. ಹಾಲಿನ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು. ಊಟದ ಮೇಜಿನ ಮೇಲೆ ಮಾತ್ರ ಏಳು ಬಿಸ್ಕತ್ತಿನ ಡಬ್ಬಗಳು, ಡಬ್ಬದೊಳಗೆ ಸಣ್ಣ ಸಣ್ಣ ರಟ್ಟಿನ ಚೀಟಿಗಳು. ಅವರ ತೀರಿಹೋದ ಅಪ್ಪ ಜೀವಮಾನವಿಡೀ ಕೂತು ಬರೆದದ್ದು. ಒಂದು ಚೀಟಿಗೆ ಒಬ್ಬ ಮನುಷ್ಯ. ಮುನ್ನೂರು ಚಿಲ್ಲರೆ ವರ್ಷದ ಹಿಂದೆ ಹಾಲೆಂಡಿನಿಂದ ಡಚ್ಚರ ಹಡಗು ಹತ್ತಿ ಆಫ್ರಿಕಾದ ತುದಿಗೆ ಬಂದ ಒಬ್ಬ ಬಡ ಸಿಪಾಯಿ, ಅವನ ಮಕ್ಕಳು, ಮೊಮ್ಮಕ್ಕಳು, ಅವರು ಎಲ್ಲೆಲ್ಲಿ ಚದುರಿದರು ಅನ್ನುವ ಲೆಕ್ಕ. ಹೆಸರು ಮಾಡಿದವರ ಚೀಟಿಯ ಮೂಲೆಗೆ ಕೆಂಪು ಶಾಯಿಯಲ್ಲಿ ಒಂದು ನಕ್ಷತ್ರ. ಒಬ್ಬ ನ್ಯಾಯಾಧೀಶ, ಒಬ್ಬ ಪಾದ್ರಿ, ದ್ರಾಕ್ಷಿ ಕಸಿ ಮಾಡುವುದರಲ್ಲಿ ಹೆಸರಾದ ಒಬ್ಬ ತೋಟಗಾರ, ಆಸ್ಟ್ರೇಲಿಯಾಕ್ಕೆ ಹೋಗಿ ಸೇತುವೆ ಕಟ್ಟಿದ ಒಬ್ಬ. ನಕ್ಷತ್ರ ಇದ್ದವರೆಲ್ಲ ಗಂಡಸರೇ ಎಂಬುದನ್ನು ನಾನು ಮೊದಲ ದಿನವೇ ನೋಡಿದೆ.

ಇದನ್ನೆಲ್ಲ ಪುಸ್ತಕ ಮಾಡುವುದು, ಕುಟುಂಬದವರೆಲ್ಲ ಸೇರುವ ದಿನ ಹಂಚುವುದು ಎಂದು ಅವರ ಅಣ್ಣ ತೀರ್ಮಾನ ಮಾಡಿದ್ದರು. ಅಣ್ಣ ಊರಿನಲ್ಲಿದ್ದರು. ಮುದ್ರಣದ ಹೊಣೆ ಅವರದು, ಚೀಟಿಗಳನ್ನು ಪಟ್ಟಿ ಮಾಡುವ ಹೊಣೆ ತಂಗಿಯದು. ಮೇಡಂ ನನಗೆ ಹೇಳಿದ್ದು ಇಷ್ಟೇ: 'ಮೊದಲ ಅಜ್ಜನಿಂದ ನನ್ನವರೆಗಿನ ಸಾಲನ್ನು ಮೊದಲು ಮಾಡು. ನಾನು ಹೊರಡುವ ಮೊದಲು ಅದನ್ನು ಕಣ್ಣಾರೆ ನೋಡಬೇಕು.'

ನಾನು ಮಾಡಿದೆ. ಆದರೆ ನಮ್ಮ ಜನ ಮಾಡುವ ಹಾಗೆ ಮಾಡಿಬಿಟ್ಟೆ.

ನಮ್ಮದು ಬಾರ್ಕೂರಿನ ಬದಿ. ಅಳಿಯಕಟ್ಟಿನ ಮನೆತನ. ನಮ್ಮಲ್ಲಿ ಬಳಿ, ಅಂದರೆ ಕುಲ, ಬರುವುದು ಅಮ್ಮನಿಂದ. ನೀನು ಯಾರ ಪೈಕಿ ಎಂದು ಕೇಳಿದರೆ ನಾವು ಅಪ್ಪನ ಹೆಸರು ಹೇಳುವುದಿಲ್ಲ, ಅಮ್ಮನ ಮನೆ ಹೇಳುತ್ತೇವೆ, ಅಮ್ಮನ ಅಮ್ಮ ಯಾವ ಮನೆಯವಳು ಅನ್ನುತ್ತೇವೆ. ಅದರ ಮೇಲೆ ಇಷ್ಟು ವರ್ಷದ ಆಫೀಸಿನ ಚಾಳಿ ಬೇರೆ. ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಕೊಂಡವಳು ಪ್ರತಿಯೊಬ್ಬರ ಎದುರೂ ತಾಯಿಯ ಹೆಸರಿಗೆ ಒಂದು ಚೌಕ ಇಟ್ಟೆ. 'ನನ್ನವರೆಗಿನ ಸಾಲು' ಅಂದಿದ್ದರಲ್ಲ, ಅವರ ಹೆಸರು ಬರೆದೆ, ಅವರ ಅಮ್ಮನ ಹೆಸರು ಹುಡುಕಿದೆ, ಅಮ್ಮನ ಅಮ್ಮನದ್ದು ಹುಡುಕಿದೆ. ಹೆಂಡತಿಯರ ವಿವರ ಗಂಡಂದಿರ ಚೀಟಿಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಅವರ ಭಾಷೆಯಲ್ಲಿ ಹೆಂಡತಿ, ಮಗಳು ಎಂಬಂಥ ನಾಲ್ಕು ಶಬ್ದ ಮೇಡಂ ಮೊದಲೇ ಹೇಳಿಕೊಟ್ಟಿದ್ದರು. ಮೂರು ಭಾನುವಾರ ಬಗ್ಗಿ ಬಗ್ಗಿ ಹುಡುಕಿ, ಒಂದೊಂದೇ ಮೆಟ್ಟಿಲು ಹತ್ತಿದೆ. ಮೇಡಂ ಹೇಳಿದ ದಾರಿ ಅದಲ್ಲ ಎಂಬುದು ನನ್ನ ತಲೆಗೇ ಹೋಗಲಿಲ್ಲ.

ನಾಲ್ಕನೆಯ ಭಾನುವಾರ ಪಟ್ಟಿ ತೋರಿಸಿದೆ. ಮೇಡಂ ಕನ್ನಡಕ ಏರಿಸಿ ನೋಡಿದರು, ಮತ್ತೆ ಇಳಿಸಿ ನನ್ನ ಮುಖ ನೋಡಿದರು.

'ಇದರಲ್ಲಿ ನನ್ನ ಅಪ್ಪನೇ ಇಲ್ಲವಲ್ಲ.'

ನನ್ನ ಕಿವಿ ಬಿಸಿಯಾಯಿತು. ತಪ್ಪು ಮಾಡುವುದಿಲ್ಲ ಎಂದು ಹೊಗಳಿಸಿಕೊಂಡವಳು ಎಂಥ ಎಡವಟ್ಟು ಮಾಡಿದ್ದೆ! ನಮ್ಮ ಕಡೆಯ ಪದ್ಧತಿ ಹೀಗೆ ಮೇಡಂ ಎಂದು ತೊದಲುತ್ತಾ ವಿವರಿಸಿದೆ. ಅವರು ಮನಸಾರೆ ನಕ್ಕರು. ನಗುತ್ತಲೇ ಬೆರಳಿಟ್ಟು ಮೇಲೆ ಮೇಲೆ ಹೋದರು: ಅಮ್ಮ, ಅಜ್ಜಿ, ಅವಳ ಅಮ್ಮ, ಅವಳ ಅಮ್ಮ. ಎಂಟು ಹೆಂಗಸರು. ಎಂಟನೆಯವಳು ಆ ಸಿಪಾಯಿಯ ಹಿರಿಯ ಮಗಳು. ಆ ಊರುಗಳಲ್ಲಿ ದೂರದ ಸಂಬಂಧದೊಳಗೇ ಕೊಟ್ಟು ತಂದು ಮಾಡುತ್ತಿದ್ದರಂತೆ, ಹಾಗಾಗಿ ಅಮ್ಮನ ದಾರಿಯಲ್ಲಿ ಹೋದರೂ ಸುತ್ತಿ ಬಂದು ಅದೇ ಮೊದಲ ಮನೆಗೆ ಮುಟ್ಟಿತ್ತು. ಒಂಬತ್ತನೆಯ ಚೌಕ ಆ ಸಿಪಾಯಿಯ ಹೆಂಡತಿಯದು. ಅದು ಖಾಲಿ.

'ಇದು ಯಾಕೆ ಖಾಲಿ?' ಅಂದರು.

'ಚೀಟಿಯಲ್ಲಿ ಇಲ್ಲ ಮೇಡಂ. ಹೆಂಡತಿ ಎಂದು ಬರೆದಿದ್ದಾರೆ, ಅಷ್ಟೇ.'

ಅವರ ನಗು ನಿಂತಿತು. ಅವರಪ್ಪ ತಮ್ಮ ಮನೆಯ ನಾಯಿಗಳಿಗೂ ಚೀಟಿ ಮಾಡಿಟ್ಟಿದ್ದ ಮನುಷ್ಯ. ಹಡಗಿನ ಹೆಸರು, ಸಿಪಾಯಿಯ ಬೂಟು ಕಳೆದುಹೋದದ್ದಕ್ಕೆ ಬಿದ್ದ ಶಿಕ್ಷೆ, ಎಲ್ಲ ಬರೆದಿದ್ದರು. ಇಡೀ ವಂಶಕ್ಕೆ ಮೂಲದ ಹೆಂಗಸಿನ ಜಾಗ ಬಿಟ್ಟಿದ್ದರು. 'ಅಪ್ಪ ಮರೆಯುವವರಲ್ಲ' ಅಂದರು ಮೇಡಂ. ಆ ದಿನ ನಾವು ಮತ್ತೆ ಕೆಲಸ ಮಾಡಲಿಲ್ಲ.

ಆ ಚೌಕ ನನ್ನ ಬೆನ್ನು ಹತ್ತಿದ್ದು ಅಲ್ಲಿಂದ. ಆಫೀಸಿನಲ್ಲಿ ಯಾರದೋ ಅರ್ಜಿ ತುಂಬುವಾಗ ಕಣ್ಣ ಮುಂದೆ ಅದೇ ಬರುತ್ತಿತ್ತು. ಮಿರ್ದಿಫಿನ ಆ ಹಾಲಿನಲ್ಲಿ ಒಬ್ಬಳೇ ಕೂತು ಟೈಪು ಮಾಡುವಾಗ, ನನ್ನ ಕುರ್ಚಿಯ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು. ಮಟಮಟ ಮಧ್ಯಾಹ್ನ, ಎಲ್ಲ ದೀಪ ಹಾಕಿದ್ದಾರೆ, ಮೇಡಂ ಪಕ್ಕದ ಕೋಣೆಯಲ್ಲಿ ಬಟ್ಟೆ ಕಟ್ಟುತ್ತಿದ್ದಾರೆ. ಆದರೂ ಕತ್ತಿನ ಹಿಂದೆ ಒಂದು ತಂಪು. ಏಸಿ ಎಂದು ಸಮಾಧಾನ ಮಾಡಿಕೊಂಡು ಕುರ್ಚಿ ಆಚೆ ಎಳೆದರೆ ಅಲ್ಲಿಯೂ ಹಾಗೆಯೇ. ಒಂದು ದಿನ ನನ್ನ ಪಕ್ಕ ಇಟ್ಟಿದ್ದ ನೀರಿನ ಲೋಟ ಎತ್ತಿದೆ, ಕುಡಿಯಲಾಗಲಿಲ್ಲ. ಇದು ನನಗಾಗಿ ಇಟ್ಟದ್ದಲ್ಲ ಎಂದು ತೋರಿತು. ಹೆದರಿಕೆಯೇ ಎಂದರೆ ಹೆದರಿಕೆಯೇ, ಸುಳ್ಳು ಯಾಕೆ ಹೇಳಲಿ?

ಅಲ್ ನಹ್ದಾದ ನಮ್ಮ ಫ್ಲಾಟಿನಲ್ಲಿ ನಾನು, ನನ್ನ ಮಗಳು, ನನ್ನ ಅಮ್ಮ. ಗಂಡನಿಗೆ ಅಬುಧಾಬಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಅಮ್ಮನಿಗೆ ಎಂಬತ್ತು ದಾಟಿದೆ. ಮಂಡಿ ನೋವು ಬಿಟ್ಟರೆ ನಾಲಿಗೆಗಾಗಲಿ ನೆನಪಿಗಾಗಲಿ ಏನೂ ಆಗಿಲ್ಲ. ನಾನು ಆ ಹೆಸರಿಲ್ಲದ ಹೆಂಡತಿಯ, ಲೋಟದ ವಿಷಯ ಹೇಳಿದಾಗ ಅವಳು ಬಟಾಣಿ ಬಿಡಿಸುತ್ತಿದ್ದಳು.

'ಹೆದ್ರುದ್ ಎಂತಕೆ?' ಅಂದಳು. 'ಆಸ್ರಿ ಆಯ್ತ್ ಕಾಣ್ತ್ ಅವ್ಳಿಗೆ. ಬಿಸಿಲಲ್ಲಿ ಬಂದವ್ರಿಗೆ ನೀರ್ ಕೊಡ್ಕ್ ಅಂತ ನಿಂಗೆ ನಾನ್ ಹೇಳಿ ಕೊಡ್ಕಾ?'

'ಅಮ್ಮ, ಅವಳು ಆಫ್ರಿಕಾದವಳು. ಸತ್ತು ಮುನ್ನೂರು ವರ್ಷ ಆಯಿತು.'

'ಆಗ್ಲಿ. ಸತ್ತವ್ರಿಗೆ ಊರ್ ಎಂತದ್?'

ನಮ್ಮಮ್ಮನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಮುಂದಿನ ಭಾನುವಾರ ನಾನು ಮಿರ್ದಿಫಿನಲ್ಲಿ ಎರಡು ಲೋಟ ನೀರು ಇಟ್ಟುಕೊಂಡು ಕೂತೆ.

ಚೀಟಿ ಸಿಕ್ಕಿದ್ದು ಜುಲೈ ಕೊನೆಗೆ. ಖಾಲಿಯಾದ ಡಬ್ಬಗಳನ್ನು ಎಸೆಯುವ ಮೊದಲು ನಾನು ಒಳಗೆ ಹಾಸಿದ್ದ ಕಾಗದ ಎತ್ತಿ ನೋಡುತ್ತಿದ್ದೆ. ಇದೂ ಆಫೀಸಿನ ಚಾಳಿಯೇ, ಜನ ಮುಖ್ಯವಾದ ಕಾಗದವನ್ನು ಕವರಿನ ಮಡಿಕೆಯಲ್ಲೇ ಬಿಟ್ಟು ಹೋಗುತ್ತಾರೆ. ಮೊದಲನೆಯ ಡಬ್ಬದ ತಳದಲ್ಲಿ, ಕಾಗದದ ಕೆಳಗೆ, ಒಂದು ಚೀಟಿ ಅಂಟಿಕೊಂಡಿತ್ತು. ಅದೇ ಅಪ್ಪನ ಅಕ್ಷರ. ಮೇಡಂ ನಿಂತುಕೊಂಡೇ ಅದನ್ನು ಇಂಗ್ಲಿಷಿಗೆ ಬಿಡಿಸಿ ಓದಿದರು. ಸಿಪಾಯಿಯ ಹೆಂಡತಿ. ಸಣ್ಣ ಹುಡುಗಿಯಾಗಿದ್ದಾಗ ಹಡಗಿನಲ್ಲಿ ತಂದು ಮಾರಿದ್ದು. ಎರಡು ಸಲ ಕೈ ಬದಲಾಗಿದೆ. ಇಗರ್ಜಿಯಲ್ಲಿ ಜ್ಞಾನಸ್ನಾನ ಮಾಡಿಸಿ ಒಂದು ಕ್ರೈಸ್ತ ಹೆಸರು ಇಟ್ಟರು. ಆಮೇಲೆ ಸಿಪಾಯಿ ಬಿಡಿಸಿಕೊಂಡು ಮದುವೆಯಾದ. ಕೊನೆಯ ಸಾಲು: ಹುಟ್ಟಿದ್ದು ಕೆನರಾ ಕರಾವಳಿ, ಬಾರ್ಸೆಲೋರ್ ಬಂದರು.

'ಇದು ಎಲ್ಲಿ ಬಂತೋ' ಅಂದರು ಮೇಡಂ.

ನನಗೆ ಗೊತ್ತಿತ್ತು. ಬಸ್ರೂರನ್ನು ಆ ಹಳೆಯ ವ್ಯಾಪಾರಿಗಳು ಹಾಗೆ ಕರೆಯುತ್ತಿದ್ದರು ಎಂದು ನಮ್ಮ ಶಾಲೆಯಲ್ಲೇ ಹೇಳಿಕೊಟ್ಟಿದ್ದರು. ಡಚ್ಚರು ಅಲ್ಲಿ ಅಕ್ಕಿ, ಮೆಣಸು ಕೊಳ್ಳುತ್ತಿದ್ದರು ಎಂದೂ ಹೇಳಿದ್ದರು. ಹುಡುಗಿಯರನ್ನು ಕೊಂಡದ್ದನ್ನು ಹೇಳಿರಲಿಲ್ಲ. ನನ್ನ ಅಮ್ಮನ ತವರಿನಿಂದ ಬಸ್ರೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಬೇಡ. ಅಲ್ಲಿನ ಹೊಳೆಬದಿಯಲ್ಲಿ ಅಮ್ಮನ ಜೊತೆ ದೋಣಿಗೆ ಕಾದು ನಿಂತದ್ದು ನನಗೆ ನೆನಪಿದೆ. ಈ ಹುಡುಗಿಯೂ ಅದೇ ನೀರಿನ ದಂಡೆಯಲ್ಲಿ ನಿಂತಿದ್ದಳು. ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು ಕುರ್ಚಿಯಲ್ಲಿ ಕೂತೆ.

'ಮೇಡಂ, ಇದು ನಮ್ಮೂರು' ಅಂದೆ.

ಅವರೂ ಎದುರಿನ ಕುರ್ಚಿಯಲ್ಲಿ ಕೂತರು. ತಮ್ಮ ಅಪ್ಪನ ವಿಷಯ ಹೇಳಿದರು. ಅವರ ಕಾಲದ ಆ ದೇಶದಲ್ಲಿ ಚರ್ಮ ನೋಡಿ ಶಾಲೆ, ಚರ್ಮ ನೋಡಿ ಬೀದಿ, ಚರ್ಮ ನೋಡಿ ಮದುವೆ. ಈ ಒಂದು ಚೀಟಿ ಹೊರಗೆ ಬಿದ್ದಿದ್ದರೆ ನೆರೆಯವರು ಬೆರಳು ತೋರಿಸುತ್ತಿದ್ದರು, ಅಪ್ಪನ ಕೆಲಸ ಹೋದರೂ ಹೋಗುತ್ತಿತ್ತು. 'ಮಕ್ಕಳಿಗೆ ಹೆದರಿ ಮುಚ್ಚಿಟ್ಟರು' ಅಂದರು. 'ಆದರೆ ಸುಡಲಿಲ್ಲ ನೋಡು. ಡಬ್ಬ ತೆರೆದಾಗಲೆಲ್ಲ ಅವಳ ಮೇಲೆಯೇ ಕೈ ಇಟ್ಟಿದ್ದಾರೆ.' ಅವರ ಕಣ್ಣು ತುಂಬಿತ್ತು. ನನಗೆ ಆ ಅಪ್ಪನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

ಆ ಚೌಕ ಪುಸ್ತಕದಲ್ಲಿ ತುಂಬುತ್ತದೋ ಇಲ್ಲವೋ ಅನ್ನುವುದೇ ಆಮೇಲೆ ನಮ್ಮಿಬ್ಬರ ಚಿಂತೆಯಾಯಿತು. ಮೇಡಂ ಅಣ್ಣನಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಹಾಕಿದ್ದರು, ಅವರ ಭಾಷೆ ನನಗೆ ತಿಳಿಯದಿದ್ದರೂ ದನಿ ತಿಳಿಯಿತು. ಮೊದಲು ನಗು, ಆಮೇಲೆ ಒಂದೇ ಶಬ್ದ ಮತ್ತೆ ಮತ್ತೆ. ಫೋನಿಟ್ಟ ಮೇಲೆ ಮೇಡಂ ಹೇಳಿದರು: 'ಅಪ್ಪ ಬಿಟ್ಟ ಹಾಗೆಯೇ ಬಿಡಬೇಕಂತೆ. ಅಪ್ಪನ ಪುಸ್ತಕವಂತೆ ಅದು.'

'ನೀವು ಏನು ಹೇಳಿದಿರಿ?'

'ಊರಿಗೆ ಬಂದು ಮಾತಾಡುತ್ತೇನೆ ಎಂದೆ.'

ನನಗೆ ಸಹಿಸಲಾಗಲಿಲ್ಲ. ನನ್ನ ಸ್ಥಾನ ಮರೆತು, 'ನನ್ನ ಆಫೀಸಿನಲ್ಲಾದರೆ ಈ ಪುಸ್ತಕವೇ ಮುಂದಕ್ಕೆ ಹೋಗುತ್ತಿರಲಿಲ್ಲ ಮೇಡಂ' ಅಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚೀಟಿಯನ್ನು ತಮ್ಮ ಕೈಚೀಲದೊಳಗೆ, ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡರು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಬಸ್ರೂರು ಎಂದ ಕೂಡಲೇ ಅವಳು ಟೀವಿ ಆರಿಸಿದಳು.

'ನಮ್ಮ್ ಬದಿ ಹೆಣ್ಣ್' ಅಂದಳು. 'ಅಷ್ಟ್ ದೂರ. ಅಲ್ಲಿ ಅವ್ಳಿಗೆ ಎಲೆ ಹಾಕುವವ್ರ್ ಯಾರಿದ್ರ್?'

ಎಲೆ ಹಾಕುವುದು ಅಂದರೆ ತೀರಿಕೊಂಡ ಹಿರಿಯರಿಗೆ ಬಡಿಸುವುದು. ನಮ್ಮ ಮನೆಯಲ್ಲಿ ಆಸಾಡಿ ಅಮಾಸೆಯ ಮಧ್ಯಾಹ್ನ ಮಾಡುತ್ತೇವೆ. ಸತ್ತವರ ಲೆಕ್ಕಕ್ಕೆ ಬಾಳೆಲೆ ಹಾಕಿ, ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಅವರವರಿಗೆ ಇಷ್ಟವಾದದ್ದು ಬಡಿಸಿ, ನೀರಿಟ್ಟು, ಹೆಸರು ಹಿಡಿದು ಕರೆಯಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಅವರು ಉಂಡು ಏಳುವವರೆಗೆ ಹೊರಗೇ ನಿಂತು, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಊರಿನಲ್ಲಿ ಜಗಲಿ ಇತ್ತು, ಇಲ್ಲಿ ಲಿಫ್ಟಿನ ಎದುರಿನ ಕಾರಿಡಾರು. ಪಕ್ಕದ ಫ್ಲಾಟಿನವರು ಪ್ರತಿವರ್ಷ ಬೀಗದ ಕೈ ಒಳಗೆ ಉಳಿಯಿತೇ ಎಂದು ಕೇಳುತ್ತಾರೆ. ಸಾಲಿನ ಕೊನೆಗೆ ಒಂದು ಹೆಚ್ಚಿನ ಎಲೆ ಯಾವಾಗಲೂ ಇರುತ್ತದೆ. ಹೆಸರು ಗೊತ್ತಿಲ್ಲದವರಿಗೆ ಎಂದು ಅಮ್ಮ ಹೇಳುತ್ತಿದ್ದಳು. ದಾರಿಹೋಕರು, ಅನಾಥರು, ದಿಕ್ಕಿಲ್ಲದವರು ಇರಬೇಕು ಎಂದು ನಾನು ತಿಳಿದುಕೊಂಡಿದ್ದೆ.

ಆ ವರ್ಷ ಅಮಾಸೆ ಮೇಡಂ ಹೊರಡುವ ಎರಡು ದಿನ ಮೊದಲು ಬಿತ್ತು. ಅಮ್ಮ ಅವರನ್ನು ಕರೆಯಲೇಬೇಕು ಎಂದು ಹಟ ಹಿಡಿದಳು. ನಾನು ಹಿಂಜರಿಯುತ್ತಾ ಕರೆದೆ, ಅವರು ಏನೂ ಕೇಳದೆ ಬಂದರು. ಬಿಸಿಲಲ್ಲಿ ಬೆವೆತು ಬಂದವರಿಗೆ ಅಮ್ಮ ಬೆಲ್ಲದ ತುಂಡು, ನೀರು ಕೊಟ್ಟು ಕೂರಿಸಿದಳು. ನಮ್ಮವರ ಎಲೆಗಳಿಗೆಲ್ಲ ಅಮ್ಮನೇ ಬಡಿಸಿದಳು: ಅವಳ ಅಮ್ಮ, ಅವಳ ಅಜ್ಜಿ, ಇಬ್ಬರು ಮಾವಂದಿರು, ನನ್ನ ತೀರಿಹೋದ ಅಕ್ಕ. ಕೊನೆಯ ಎಲೆಗೆ ಬಂದಾಗ ಅನ್ನದ ಪಾತ್ರೆಯನ್ನು ಮೇಡಂ ಕೈಗೆ ಕೊಟ್ಟಳು.

'ಅವ್ಳ್ ಇವ್ರ ಬಳಿಯವ್ಳ್. ಇವ್ರೇ ಬಡ್ಸ್ಕ್ ಅಂತ ಹೇಳ್' ಅಂದಳು ನನಗೆ.

ಮೇಡಂ ಬಗ್ಗಿ ಬಡಿಸಿದರು. ನಾಲ್ಕು ಅಗುಳು ನೆಲಕ್ಕೆ ಬಿತ್ತು. ಈಗ ಹೆಸರು ಹಿಡಿದು ಕರೆಯಬೇಕು ಎಂದು ಹೇಳಿದೆ. ಅವರು ಇಗರ್ಜಿಯಲ್ಲಿ ಇಟ್ಟ ಹೆಸರು ಹೇಳಲು ಬಾಯಿ ತೆರೆದರು, ಅಮ್ಮ ತಲೆ ಅಲ್ಲಾಡಿಸಿದಳು. ಅದು ಕೊಂಡುಕೊಂಡವರು ಇಟ್ಟ ಹೆಸರು, ಊಟಕ್ಕೆ ಕರೆಯುವ ಹೆಸರಲ್ಲ. ಅಮ್ಮ ಕೊಟ್ಟ ಹೆಸರು ಯಾವುದು? ಅದು ಯಾವ ಚೀಟಿಯಲ್ಲೂ ಇಲ್ಲ. ಸಾರಿನ ಹಬೆ ಏಳುತ್ತಿತ್ತು. ಕೊನೆಗೆ ಮೇಡಂ ತಮ್ಮ ಭಾಷೆಯಲ್ಲಿ ಅಜ್ಜಿಗೆ ಏನೆನ್ನುತ್ತಾರೋ ಅದನ್ನೇ ಹೇಳಿದರು. 'ಔಮಾ' ಅಂದರು. 'ಔಮಾ, ಬನ್ನಿ.' ಆ 'ಬನ್ನಿ' ಅನ್ನುವುದನ್ನು ಅಮ್ಮನ ಬಾಯಿಂದ ಕೇಳಿ ಕಲಿತಿದ್ದರು.

ಕಾರಿಡಾರಿನಲ್ಲಿ ನಾವು ಸಾಲಾಗಿ ನಿಂತೆವು. ಆಗ ಹದಿನಾರು ವರ್ಷದವಳಾಗಿದ್ದ ನನ್ನ ಮಗಳು ಮೊಬೈಲ್ ನೋಡುತ್ತಿದ್ದಳು. ಮೇಡಂ ಮುಚ್ಚಿದ ಬಾಗಿಲಿಗೆ ಅಂಗೈ ಇಟ್ಟುಕೊಂಡು ನಿಂತಿದ್ದರು, ಒಳಗೆ ಮಲಗಿದ ಮಗು ಏಳುತ್ತದೇನೋ ಎಂದು ಕಿವಿಗೊಡುವವರ ಹಾಗೆ. ಒಳಗಿನಿಂದ ಏನೂ ಕೇಳಲಿಲ್ಲ. ಆದರೆ ಕೇಳುತ್ತದೆ ಎಂದೇ ನಾನು ಕಾದೆ. ಬೀಳ್ಕೊಡುವಾಗ ಅವರು ಅಮ್ಮನ ಕೈ ಹಿಡಿದು, 'ಪುಸ್ತಕದಲ್ಲಿ ಅವಳನ್ನು ಬರೆಸುತ್ತೇನೆ' ಎಂದರು. ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

ಪುಸ್ತಕ ಬಂದದ್ದು ಎಂಟು ತಿಂಗಳ ಮೇಲೆ, ಒಬ್ಬ ಪರಿಚಯದವರ ಕೈಯಲ್ಲಿ. ದಪ್ಪ ರಟ್ಟು, ಚಿನ್ನದ ಅಕ್ಷರ. ಆಫೀಸಿನ ಮೇಜಿನ ಮೇಲೇ ಬಿಚ್ಚಿದೆ. ಮೊದಲ ಪುಟದಲ್ಲಿ ಹಾಲೆಂಡಿನ ಸಿಪಾಯಿ, ಅವನ ಹಡಗು, ಅವನ ಊರಿನ ಇಗರ್ಜಿಯ ಚಿತ್ರ. ಪಕ್ಕದಲ್ಲಿ ಹೆಂಡತಿ ಎಂದು ಒಂದು ಚೌಕ. ಖಾಲಿ. ನಾನೇ ಟೈಪು ಮಾಡಿದ ನ್ಯಾಯಾಧೀಶ, ಪಾದ್ರಿ, ತೋಟಗಾರ, ಎಲ್ಲರೂ ನಕ್ಷತ್ರ ಇಟ್ಟುಕೊಂಡು ಒಳಗೆ ಕೂತಿದ್ದರು. ಅಷ್ಟೂ ಜನ ಅವಳ ಹೊಟ್ಟೆಯಿಂದ ಬಂದವರು. ಎದುರು ಕೂತಿದ್ದ ಗಿರಾಕಿಗೆ ಹತ್ತು ನಿಮಿಷ ಬಿಟ್ಟು ಬನ್ನಿ ಎಂದೆ.

ಮೇಡಂಗೆ ಮೆಸೇಜು ಮಾಡಿದೆ. ಚೆನ್ನಾಗಿಯೇ ಜಾಡಿಸಿದೆ. ಉತ್ತರ ಸಂಜೆಗೆ ಬಂತು. ಅಣ್ಣ ಒಪ್ಪಲಿಲ್ಲ, ಕುಟುಂಬ ಎರಡಾಗುವ ಹಾಗಿತ್ತು, ನನಗೆ ಧೈರ್ಯ ಸಾಲಲಿಲ್ಲ, ಚೀಟಿ ನನ್ನ ಹತ್ತಿರವೇ ಇದೆ ಎಂದು ಬರೆದಿದ್ದರು. ಕೊನೆಗೆ ಒಂದು ಸಾಲು: ನೀನು ಅವಳನ್ನು ಈ ಸಲವೂ ಕರೆಯುತ್ತೀಯಾ? ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಒಂದು ವಾರ ಅವರ ಮೇಲೆ ಉರಿದೆ. ಅಪ್ಪ ಡಬ್ಬದ ತಳದಲ್ಲಿ ಇಟ್ಟ, ಮಗಳು ಕೈಚೀಲದಲ್ಲಿ ಇಟ್ಟಳು, ಅಷ್ಟೇ ತಾನೆ ವ್ಯತ್ಯಾಸ ಎಂದು ಅಮ್ಮನ ಹತ್ತಿರ ಕೂಗಾಡಿದೆ. ಒಂಬತ್ತು ತಲೆಮಾರು ಹುಡುಕಬಲ್ಲ ಜನ ಒಂದು ಚೌಕ ತುಂಬಲಾರದೆ ಹೋದರಲ್ಲ ಎಂದೆ.

ಈ ಸಲದ ಆಸಾಡಿ ಅಮಾಸೆಗೆ ಅಮ್ಮನ ಮಂಡಿ ಬಗ್ಗಲಿಲ್ಲ. ಬಡಿಸುವ ಕೆಲಸ ಮಗಳಿಗೆ ಬಂತು. ಇನ್ನು ಮುಂದೆ ಅದು ಅವಳದೇ, ನಮ್ಮ ಬಳಿ ಅವಳಿಂದಲೇ ಮುಂದುವರಿಯಬೇಕು. ಬೈದುಕೊಂಡೇ ಒಪ್ಪಿದಳು, ಆದರೆ ನೀಟಾಗಿ ಬಡಿಸಿದಳು. ಅಮ್ಮ ಸೋಫಾದಲ್ಲಿ ಕೂತು ಒಂದೊಂದು ಎಲೆಗೆ ಒಂದೊಂದು ಹೆಸರು ಹೇಳಿಕೊಟ್ಟಳು, ಮಗಳು ಕರೆದಳು. ಅಮ್ಮಂದಿರ ಸಾಲನ್ನು ಅಮ್ಮ ತನ್ನ ಅಜ್ಜಿಯ ಎಲೆಗೆ ಮುಗಿಸಿದಳು. ಅದರ ಆಚೆಗೆ ಮಾವಂದಿರು, ಅಕ್ಕ, ಆಮೇಲೆ ಕೊನೆಯ ಎಲೆ.

'ವಾಟ್ ಅಬೌಟ್ ಹರ್ ಮದರ್?' ಅಂದಳು ಮಗಳು.

'ಯಾರ ಅಮ್ಮ?' ಎಂದೆ ನಾನು.

'ಅಜ್ಜಿಯ ಅಜ್ಜಿ. ಹರ್ ಮದರ್. ವಾಟ್ ವಾಸ್ ಹರ್ ನೇಮ್?'

ಅಮ್ಮ ಹೇಳಲು ಬಾಯಿ ತೆರೆದಳು. ನಾನು ಅವಳನ್ನೇ ನೋಡುತ್ತಿದ್ದೆ. ಅವಳ ತುಟಿ ಒಂದು ಹೆಸರಿಗೆ ಸಿದ್ಧವಾಗಿ, ಹಾಗೇ ನಿಂತಿತು.

'ಅಬ್ಬಿ ಅಂತಿದ್ರ್' ಅಂದಳು ಕೊನೆಗೆ. ನಮ್ಮ ಕಡೆ ಅಬ್ಬಿ ಅಂದರೂ ಅಮ್ಮ ಅಂತಲೇ. 'ನಮ್ಮ್ ಅಜ್ಜಿ ಅಬ್ಬಿ ಅಂತ್ಲೇ ಹೇಳ್ತಿದ್ರ್. ಊರವ್ರೂ ಅಬ್ಬಿ ಅಂತ್ಲೇ. ಹೆಸ್ರ್ ನಾನ್ ಕೇಂಡದ್ದೇ ಇಲ್ಲೆ.'

ಎಂಬತ್ತು ದಾಟಿದ ಅವಳಿಗೆ ಗೊತ್ತಿಲ್ಲದ ಮೇಲೆ ಕೇಳುವುದಕ್ಕೆ ಇನ್ನು ಭೂಮಿಯ ಮೇಲೆ ಯಾರೂ ಉಳಿದಿಲ್ಲ. ಅಮ್ಮನ ದಾರಿಯಲ್ಲೇ ಬರುವ ಜನ ನಾವು. ನಮ್ಮನ್ನು ಯಾರೂ ಕದ್ದು ಮಾರಲಿಲ್ಲ, ಯಾರೂ ಹೆದರಿಸಲಿಲ್ಲ. ನನ್ನಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಚೌಕ ಖಾಲಿ. ಮೇಡಂ ಎಂಟು ಹತ್ತಿದ್ದರು. ನನ್ನ ಮೇಜಿನ ಎದುರು ಹಲ್ಲು ಕಿರಿದ ಗಂಡಸರು, ನಾನು ಕಳಿಸಿದ ಮೆಸೇಜು, ಎಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕೊನೆಯ ಎಲೆ ದಾರಿಹೋಕರಿಗೆ ಎಂದು ತಿಳಿದುಕೊಂಡಿದ್ದೆನಲ್ಲ. ನಾವು ವರ್ಷ ವರ್ಷವೂ ನಮ್ಮ ಅಬ್ಬಿಯನ್ನೇ ಆ ಕೊನೆಗೆ ಕೂರಿಸಿದ್ದೆವು.

ಮಗಳು ಸೌಟು ಹಿಡಿದು ನಿಂತಿದ್ದಳು. ಅವಳು ಯಾರನ್ನೂ ಕೇಳಲಿಲ್ಲ. ಆ ಎಲೆಗೆ ಮತ್ತೊಂದು ಸೌಟು ಅನ್ನ ಹಾಕಿದಳು, ಒಳಗೆ ಹೋಗಿ ಇನ್ನೊಂದು ಲೋಟ ನೀರು ತಂದು ಮೊದಲಿನದರ ಪಕ್ಕ ಇಟ್ಟಳು. 'ಔಮಾ, ಅಬ್ಬಿ' ಅಂದಳು ಮೆಲ್ಲಗೆ. 'ಬನ್ನಿ, ಉಣ್ಣಿ.' ಅಚ್ಚ ನಮ್ಮೂರ ದನಿಯಲ್ಲಿ ಅಂದಳು. ಆ ದನಿ ಅವಳಿಗೆ ಎಲ್ಲಿಂದ ಬಂತೋ ನನಗೆ ತಿಳಿಯದು.

ಅಮ್ಮನನ್ನು ಹಿಡಿದುಕೊಂಡು ಹೊರಗೆ ಬಂದು ಬಾಗಿಲು ಎಳೆದೆವು. ಅಮ್ಮ ಗೋಡೆಗೆ ಒರಗಿದಳು. ಲಿಫ್ಟು ಎರಡು ಸಲ ಬಂದು ಹೋಯಿತು. ಪಕ್ಕದ ಫ್ಲಾಟಿನವರು ಬಂದು, ಬೀಗದ ಕೈಯ ಮಾತು ತೆಗೆಯದೆ, ನಮ್ಮ ಮುಖ ನೋಡಿ ಒಳಗೆ ಹೋದರು. ಅಲ್ಲೇ ನಿಂತು ಮೇಡಂಗೆ ಮೆಸೇಜು ಬರೆದೆ: ಕರೆದಿದ್ದೇವೆ. ಯಾವಾಗಿನ ಹೊತ್ತು ಮೀರಿತ್ತು. ಸಾಕಿರಬೇಕು ಎಂದು ನಾನು ತಟ್ಟಲು ಕೈ ಎತ್ತಿದೆ.

ಅಮ್ಮ ನನ್ನ ಕೈ ಹಿಡಿದಳು. 'ಇನ್ನೂ ಚೂರ್ ಹೊತ್ತ್ ನಿಲ್ಲುವ' ಅಂದಳು. 'ಈ ಸಲ ಒಳಗೆ ಜನ ಜಾಸ್ತಿ ಇದ್ರ್.'